ಒಂದು ಹೂಂ, ಮೂರು ಮೀಟರ್ ತಾಮ್ರ

ಶನಿವಾರ ಬೆಳಿಗ್ಗೆ ಆರೂವರೆಗೆ ಅವಳು ಡೈರಿ ತೆಗೆದು ಒಂದೇ ಸಾಲು ಬರೆದಳು: ‘ಅವತ್ತು ನಾನು ಹೂಂ ಅನ್ನಬಾರದಿತ್ತು.’ ಬರೆದು ಅದರ ಕೆಳಗೆ ಗೆರೆ ಎಳೆದಳು. ಸಾಲದೆನಿಸಿ ಇನ್ನೊಂದು ಎಳೆದಳು. ಎಷ್ಟು ಗೆರೆ ಎಳೆದರೂ ಅಂದ ಹೂಂ ಉಹೂಂ ಆಗುವುದಿಲ್ಲವೆಂದು ಹೊಳೆದಾಗ ಡೈರಿಯನ್ನು ದಿಂಬಿನಡಿಗೆ ತಳ್ಳಿ ಎದ್ದಳು.

ಹೂಂ ಅನ್ನುವುದು ಅವಳ ಹಳೆಯ ಕಾಯಿಲೆ. ರಸಾಯನಶಾಸ್ತ್ರದಲ್ಲಿ ಪದವಿ, ಒಳ್ಳೆಯ ಅಂಕ, ಮುತ್ತಿನಂಥ ಅಕ್ಷರ. ಬಾಯಿ ಮಾತ್ರ ಬೀಗ ಹಾಕಿ ಕೀಲಿ ಕಳೆದ ಟ್ರಂಕು. ಡೈರಿಯಲ್ಲಿ ಹತ್ತು ಪುಟ ಬರೆಯಬಲ್ಲವಳು, ಎದುರಿಗೆ ಮನುಷ್ಯರು ನಿಂತರೆ ಒಂದೇ ಅಕ್ಷರದಲ್ಲಿ ಮುಗಿಸುತ್ತಿದ್ದಳು. ಕೆಲಸಕ್ಕೆಂದು ಮೂರು ಸಂದರ್ಶನಗಳಿಗೆ ಹೋಗಿದ್ದಳು. ಮೂರನೆಯ ಕಡೆ ‘ನಿಮ್ಮ ಹೆಸರೇನು’ ಎಂದು ಕೇಳಿದ್ದಕ್ಕೂ ‘ಹೂಂ’ ಎಂದು ಬಂದಿದ್ದಳು. ಕಟ್ಟಡದ ತುಂಬ ಅವಳಿಗೆ ‘ಹೂಂ ಹುಡುಗಿ’ ಎಂದೇ ಹೆಸರು.

ಆ ಹೂಂ ನಡೆದದ್ದು ಹೋದ ತಿಂಗಳು. ಮನೆ ಮಾಲೀಕರ ಹೆಂಡತಿ, ಎಲ್ಲರಿಗೂ ಕೆಳಗಿನ ಮನೆ ಆಂಟಿ, ಜ್ವರದಲ್ಲಿ ಮಲಗಿದ್ದರು. ನೋಡಲು ಹೋಗುವಾಗ ಬರಿಗೈಯಲ್ಲಿ ಹೇಗೆ ಹೋಗುವುದೆಂದು ಹುಡುಗಿ ಅಂಗಡಿಯಿಂದ ಒಂದು ಬಾಟ್ಲಿ ಪನ್ನೀರು ತಂದಳು. ದಾರಿಯಲ್ಲಿ ಮುಚ್ಚಳ ಬಿರಿದು ಸೋರತೊಡಗಿತು. ಮನೆಯಲ್ಲಿದ್ದ ಜೇನುತುಪ್ಪದ ಖಾಲಿ ಬಾಟ್ಲಿಯನ್ನು ತೊಳೆದು ಅದಕ್ಕೆ ಸುರಿದು ಕೊಟ್ಟಳು. ಆಂಟಿ ಮೂಸಿ ನೋಡಿ, “ಏನು ಘಮ ಕಣೇ. ಮನೇಲೇ ಇಳಿಸಿದ್ದಾ?” ಎಂದರು.

‘ಇಲ್ಲ ಆಂಟಿ, ಅಂಗಡೀಲಿ ತಂದಿದ್ದು’ ಎಂಬುದರಲ್ಲಿ ನಾಲ್ಕು ಮಾತುಗಳಿದ್ದವು. ಹುಡುಗಿ ಚಿಕ್ಕದನ್ನು ಆರಿಸಿಕೊಂಡಳು.

ಆಂಟಿ ಸೂಜಿಯಷ್ಟು ಕೇಳಿದರೆ ಹಾರೆಯಷ್ಟು ಹೇಳುವವರು. ವಾರದೊಳಗೆ ಹುಡುಗಿ ಪನ್ನೀರು ಇಳಿಸುತ್ತಾಳೆ ಎಂದಿದ್ದದ್ದು, ಎರಡನೆಯ ವಾರಕ್ಕೆ ಅದರ ಯಂತ್ರವನ್ನೂ ಕೈಯಾರೆ ತಟ್ಟಿ ಮಾಡಿದ್ದಾಳೆ ಎಂದಾಯಿತು. ಆಂಟಿ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವುದು ಹತ್ತಿರದ ಹೈಸ್ಕೂಲಿನ ಹೆಡ್ ಮೇಡಂ ಜೊತೆ. ಆ ಶಾಲೆಯಲ್ಲಿ ಲ್ಯಾಬ್ ಸಹಾಯಕಿಯ ಕೆಲಸ ಖಾಲಿ ಇತ್ತು. ನಿನ್ನೆ ಸಂಜೆ ಆಂಟಿ ಮೆಟ್ಟಿಲು ಹತ್ತಿ ಬಂದು, ಏದುಸಿರಿನಲ್ಲೇ ಸುದ್ದಿ ಇಳಿಸಿದರು.

“ನಾಳೆ ನಾಲ್ಕು ಗಂಟೆಗೆ ಹೆಡ್ ಮೇಡಂ ನಿನ್ನ ಯಂತ್ರ ನೋಡಕ್ಕೆ ಬರ್ತಾರೆ. ಅವರ ಲ್ಯಾಬಲ್ಲಿ ಗಾಜಿನ ಕಂಡೆನ್ಸರು ವರ್ಷಕ್ಕೆರಡು ಒಡೀತವಂತೆ. ಲೋಹದ್ದು ಮಾಡೋ ಹುಡುಗಿ ಇದ್ರೆ ಸಂದರ್ಶನ ಗಿಂದರ್ಶನ ಏನೂ ಬೇಡ, ಹಾಗೇ ತಗೋತೀನಿ ಅಂದ್ರು. ಮಾತೇ ಆಡಬೇಕಾಗಿಲ್ಲ ನೀನು. ಒಂದೇ ಕಂಡೀಷನ್ನು. ಹಿಂದೆ ಇದ್ದವಳು ಪ್ರಯೋಗ ಮಾಡ್ದೇನೇ ರೀಡಿಂಗ್ ಬರೀತಿದ್ಳಂತೆ, ಓಡಿಸಿಬಿಟ್ರು. ಸುಳ್ಳು ಅಂದ್ರೆ ಅವರಿಗಾಗಲ್ಲ. ನಿನಗೇನು ಬಿಡು, ಬಾಯೇ ಬಿಡಲ್ಲ, ಸುಳ್ಳೆಲ್ಲಿಂದ ಹೇಳ್ತೀಯ. ನಾಲ್ಕಕ್ಕೆ ರೆಡಿ ಇಡ್ತೀಯಲ್ಲ?”

“ಹೂಂ.”

ಹೀಗೆ, ಇಲ್ಲದ ಯಂತ್ರವೊಂದು ನಾಲ್ಕು ಗಂಟೆಗೆ ರೆಡಿ ಇರಬೇಕಾಗಿತ್ತು.

ಏಳಕ್ಕೆ ಅಮ್ಮ ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತಳು. ಅವಳಿಗೆ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸ, ಬರುವುದು ಸಂಜೆ ಆರಕ್ಕೆ.

“ಯಾಕೆ ಮುಖ ಬಾಡಿದೆ? ಏನಾದ್ರೂ ಇದ್ಯಾ ಇವತ್ತು?”

“ಹೂಂ.”

“ಏನು?”

“ಏನಿಲ್ಲ.”

“ನಿನ್ನ ಹೊಟ್ಟೇಲಿರೋದನ್ನ ತೆಗೆಯಕ್ಕೆ ಇಕ್ಕಳಾನೇ ಬೇಕು,” ಎಂದು ಅಮ್ಮ ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿದಳು. “ಗ್ಯಾಸು ಕೊನೆಗೆ ಬಂದಿದೆ ಕಣೇ. ನೋಡ್ಕೊಂಡು ಹಚ್ಚು.”

“ಹೂಂ.”

ಕಾಲೇಜಿನ ರಸಾಯನಶಾಸ್ತ್ರದ ಪುಸ್ತಕದಲ್ಲಿದ್ದ ಚಿತ್ರ ಸರಳವಾಗಿತ್ತು. ಕುಕ್ಕರಿನಲ್ಲಿ ನೀರು, ಗುಲಾಬಿ ಎಸಳು. ಮುಚ್ಚಳದ ತೂತಿನಿಂದ ಒಂದು ರಬ್ಬರ್ ಕೊಳವೆ. ಅದರ ತುದಿಗೆ ತಣ್ಣೀರಿನ ಡಬ್ಬದೊಳಗೆ ಹಾವಿನಂತೆ ಸುತ್ತಿಕೊಂಡ ತಾಮ್ರದ ಪೈಪು. ಮೇಲಿಂದ ಹಬೆ ಹೋಗಬೇಕು, ಕೆಳಗಿಂದ ಪನ್ನೀರು ತೊಟ್ಟಿಕ್ಕಬೇಕು. ಆ ಸುರುಳಿಗೇ ಕಂಡೆನ್ಸರ್ ಎಂದು ಹೆಸರು.

ಫ್ರಿಜ್ ರಿಪೇರಿ ಅಂಗಡಿಯ ಮೆಕ್ಯಾನಿಕ್ ಒಂದು ಫ್ರಿಜ್ಜಿನ ಬೆನ್ನು ಬಿಚ್ಚಿ ಕುಳಿತಿದ್ದ. ಹುಡುಗಿ ಕಾಗದದಲ್ಲಿ ಬರೆದು ತಂದದ್ದನ್ನು ಅವನ ಮುಂದೆ ಹಿಡಿದಳು. ‘ತಾಮ್ರದ ಪೈಪು, ಮೂರು ಮೀಟರ್. ರಬ್ಬರ್ ಕೊಳವೆ, ಒಂದು ಮೀಟರ್.’

“ಯಾವ ಫ್ರಿಜ್ಜಿಗೆ?”

ಅವಳು ತಲೆ ಅಲ್ಲಾಡಿಸಿದಳು.

“ಎಸಿಗಾ?”

ಮತ್ತೆ ಅಲ್ಲಾಡಿಸಿದಳು.

“ಫ್ರಿಜ್ಜೂ ಅಲ್ಲ, ಎಸೀನೂ ಅಲ್ಲ. ಮತ್ತೆ ನಿಮಗ್ಯಾಕಮ್ಮ ಇದು, ಓಲೆ ಮಾಡಿಸ್ಕೊಳ್ಳಕ್ಕಾ?”

ಬಾಯಿಗೆ ಬಂದದ್ದು ಅಭ್ಯಾಸದ ಉತ್ತರವೇ. ಮೆಕ್ಯಾನಿಕ್ ಅವಳ ಕಿವಿಯನ್ನೊಮ್ಮೆ, ಪೈಪನ್ನೊಮ್ಮೆ ನೋಡಿ, ದೊಡ್ಡ ಬಳೆಯಂತೆ ಸುತ್ತಿ ಕೊಟ್ಟ. ಅವನ ನೋಟದಿಂದ ತಪ್ಪಿಸಿಕೊಳ್ಳುವ ಅವಸರದಲ್ಲಿ ಅವಳು ರಬ್ಬರ್ ಕೊಳವೆಯನ್ನು ಅಲ್ಲೇ ಬಿಟ್ಟು ಹೊರಟಳು.

ಮೂಲೆಯ ಹೂವಿನವಳ ಹತ್ತಿರ ಬಿಡಿ ಗುಲಾಬಿ ಎರಡು ಕೇಜಿ ಕೇಳಿದಳು. ಕೇಳಿದಳೆಂದರೆ, ಬುಟ್ಟಿ ತೋರಿಸಿ ಎರಡು ಬೆರಳೆತ್ತಿದಳು.

“ಎರಡು ಕೇಜಿ ಅಂದ್ರೆ ಮದುವೆ ಮನೇನೇ ಇರಬೇಕು,” ಎಂದು ಹೂವಿನವಳು ತಕ್ಕಡಿ ಎತ್ತುತ್ತ ನಕ್ಕಳು. “ನಿಂದೇನಾ?”

ಹುಡುಗಿಯ ಕೈಯಲ್ಲಿ ಪೈಪು, ಕಂಕುಳಲ್ಲಿ ಚೀಲ, ತಲೆಯಲ್ಲಿ ಗಡಿಯಾರ. ಒಂಬತ್ತೂವರೆ ಆಗಿತ್ತು. ಹೂಂ ಎಂದು ಹೂ ತೆಗೆದುಕೊಂಡು ನಡೆದಳು.

ತಾರಸಿಯ ಮೇಲೆ, ಬಿಸಿಲಲ್ಲಿ ಕುಳಿತು, ಪೈಪನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದಳು. ಅದು ಸೊಗಸಾಗಿ ಬಗ್ಗುತ್ತ ಬಂದು, ಇದ್ದಕ್ಕಿದ್ದಂತೆ ಊಟದ ಪಂಕ್ತಿಯಲ್ಲಿ ಮುನಿಸಿಕೊಂಡ ನೆಂಟನ ಹಾಗೆ ನಡು ಮುರಿದು ಚಪ್ಪಟೆಯಾಯಿತು. ಆ ಜಾಗದಲ್ಲಿ ಹಬೆಯಲ್ಲ, ಇರುವೆಯೂ ದಾಟುವಂತಿರಲಿಲ್ಲ. ಮುರಿದಷ್ಟು ಕತ್ತರಿಸಿ ಇನ್ನೊಂದು ಕಡೆ ಬಗ್ಗಿಸಿದಳು. ಅಲ್ಲೂ ಅದೇ ಗತಿ. ಅವಳ ಕಣ್ಣು ತುಂಬಿತು.

“ಯಾರಲ್ಲಿ?”

ಬೆನ್ನ ಹಿಂದೆ ನಿಂತವರು ಅದೇ ಮಹಡಿಯ ಎದುರು ಮನೆಯ ಅಬ್ಕಾರಿ ತಾತ. ಅಬ್ಕಾರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕಳ್ಳಭಟ್ಟಿ ಹಿಡಿದು, ಒದ್ದು, ಒಡೆದು ನಿವೃತ್ತರಾದವರು. ತಾಮ್ರದ ಪೈಪು ಕಂಡರೆ ಅವರ ಮೀಸೆ ತಾನಾಗಿ ನೆಟ್ಟಗಾಗುತ್ತಿತ್ತು.

“ಏನಮ್ಮ ಇದು? ನಾನಿರೋ ಕಟ್ಟಡದಲ್ಲೇ? ನನ್ನ ತಲೆ ಮೇಲೇ?”

ಹುಡುಗಿ ಗುಲಾಬಿಯ ಚೀಲ ತೋರಿಸಿದಳು. ತಾತ ಅದರೊಳಗೆ ಮೂಗು ತೂರಿಸಿ ಒಮ್ಮೆ ಎಳೆದರು. ಕೈ ಹಾಕಿ ತಳದವರೆಗೂ ತಡಕಿದರು. ಪುಸ್ತಕದ ಚಿತ್ರ ನೋಡಿದರು. ಅವರ ಮುಖದಲ್ಲಿ ಸಮಾಧಾನವೂ ನಿರಾಸೆಯೂ ಒಟ್ಟಿಗೆ ಬಂದು ಜಾಗಕ್ಕೆ ನೂಕಾಡಿದವು.

“ಪನ್ನೀರಾ. ಅಷ್ಟೇನಾ.” ಆಮೇಲೆ ಚಪ್ಪಟೆಯಾದ ಪೈಪಿನ ತುಂಡು ಎತ್ತಿ ಹಿಡಿದು ತಿರಸ್ಕಾರದಿಂದ ನೋಡಿದರು. “ಹೀಗಾ ಬಗ್ಗಿಸೋದು? ಎಂಥೆಂಥಾ ಸುರುಳಿ ಹಿಡಿದಿದೀನಿ ನಾನು, ಕಾಡಿನ ಮಧ್ಯೆ, ಬ್ಯಾಟರಿ ಬೆಳಕಲ್ಲಿ, ಓದು ಬರಹ ಇಲ್ದೋರು ಮಾಡಿದ್ದು. ನೋಡ್ತಾ ಇರಬೇಕು ಅನ್ಸೋದು. ಡಿಗ್ರಿ ಮಾಡಿದೀಯ, ಪೈಪಿಗೆ ಮರಳು ತುಂಬ್ಕೋಬೇಕು ಅಂತ ಗೊತ್ತಿಲ್ವಾ? ಹೊಟ್ಟೆ ತುಂಬಿದ್ರೆ ಅದು ಮುರಿಯಲ್ಲ. ಮನುಷ್ಯರ ಥರಾನೇ.”

ಕೆಳಗಿನ ಮನೆ ಆಂಟಿಯ ಹೂಕುಂಡದಿಂದ ಮರಳು ಬಂತು. ಪೈಪಿನ ಎರಡು ಬಾಯಿಗೂ ಬಿರಡೆ ಬಿತ್ತು. ಬಟ್ಟೆ ಒಣಗಿಸಲು ನಿಲ್ಲಿಸಿದ್ದ, ಮುಂಗೈ ದಪ್ಪದ ಕಬ್ಬಿಣದ ಕಂಬಕ್ಕೆ ಒಂದು ತುದಿ ಒತ್ತಿ ಹಿಡಿದು ತಾತ ಸುತ್ತುತ್ತ ಹೋದರು. ಹುಡುಗಿ ಇನ್ನೊಂದು ತುದಿ ಹಿಡಿದು ಕಂಬವನ್ನು ಪ್ರದಕ್ಷಿಣೆ ಬಂದಳು. ಒಂದು, ಎರಡು, ಹತ್ತು ಸುತ್ತು. ಒಂದೂ ಮುರಿಯಲಿಲ್ಲ. ಬಿಸಿಲಿಗೆ ಹೊಳೆಯುವ ಸುರುಳಿಯನ್ನು ನೋಡಿ ತಾತ ಮೀಸೆ ತಿರುವಿದರು. ಹುಡುಗಿ ನಕ್ಕಳು.

ಆಮೇಲೆ ಇಬ್ಬರೂ ಒಟ್ಟಿಗೇ ಕಂಬವನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

ಕಂಬದ ಬುಡ ಕಾಂಕ್ರೀಟಿನಲ್ಲಿ ಹೂತಿತ್ತು. ತಲೆಗೆ ಹಗ್ಗ ಕಟ್ಟುವ ಅಡ್ಡಪಟ್ಟಿ ಬೋಲ್ಟಿನಿಂದ ಬಿಗಿದಿತ್ತು. ನಡುವೆ ಸುರುಳಿ, ಊದಿದ ಬೆರಳಿನ ಉಂಗುರದ ಹಾಗೆ, ಎಲ್ಲಿಗೂ ಹೋಗುವಂತಿರಲಿಲ್ಲ.

“ಅವರು ಮರದ ಕೊಂಬೆಗೆ ಸುತ್ತೋರು,” ಎಂದರು ತಾತ ನಿಧಾನವಾಗಿ. “ಕೊಂಬೆ ಯಾಕೆ ಅಂತ ನಾನು ಯಾವತ್ತೂ ಕೇಳ್ಕೊಂಡಿರಲಿಲ್ಲ.”

ಹನ್ನೊಂದು ಹತ್ತಕ್ಕೆ ಅಡ್ಡಪಟ್ಟಿಯ ತುಕ್ಕು ಹಿಡಿದ ಬೋಲ್ಟಿನ ಜೊತೆ ತಾತ ಗುದ್ದಾಡುತ್ತಿದ್ದಾಗ ಅದು ಅರ್ಧ ತಿರುಗಿ ಹಗ್ಗ ಸಡಿಲವಾಯಿತು. ಆಂಟಿಯ ಆರು ಒದ್ದೆ ಬೆಡ್‌ಶೀಟುಗಳು ಮೆಲ್ಲನೆ ನೆಲಕ್ಕೆ ಕುಳಿತವು. ಸರಿಯಾಗಿ ಆಗಲೇ ಆಂಟಿ ಮೇಲೆ ಬಂದರು. ಆದರೆ ಅವರ ಕಣ್ಣು ಬೆಡ್‌ಶೀಟಿನ ಮೇಲಿರಲಿಲ್ಲ.

“ಮದುವೆಯಂತೆ?” ಎಂದರು, ನೋವು ತುಂಬಿದ ದನಿಯಲ್ಲಿ. “ಹೂವಿನವಳು ಹೇಳ್ಬೇಕಾ ನನಗೆ? ಅಂಗಡೀಲಿ ಓಲೆ ಬೇರೆ ಮಾಡಿಸ್ಕೋತಿದ್ದೀಯಂತೆ. ಹುಡುಗ ಫ್ರಿಜ್ ರಿಪೇರಿಯವನಂತೆ?”

ಹುಡುಗಿ ಬಾಯಿ ತೆರೆದಳು. ಆದರೆ ಮೆಟ್ಟಿಲ ಬಾಗಿಲಲ್ಲಿ ಆ ಹೊತ್ತಿಗೆ ಕಾಣಿಸಿಕೊಂಡವನು ಮೆಕ್ಯಾನಿಕ್ಕೇ. ಕೈಯಲ್ಲಿ ಅವಳು ಮರೆತ ರಬ್ಬರ್ ಕೊಳವೆ.

“ಮರೆತು ಬಂದಿದ್ರಿ,” ಎಂದ ಅವನು ನಾಚಿಕೆಯಿಂದ.

ಆಂಟಿ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದರು. “ಪರವಾಗಿಲ್ಲ. ಜವಾಬ್ದಾರಿ ಇದೆ.”

ಮೆಕ್ಯಾನಿಕ್ಕಿಗೆ ಏನೂ ಅರ್ಥವಾಗಲಿಲ್ಲ. ಕಂಬದ ಮೇಲಿನ ಬೋಲ್ಟು ಮಾತ್ರ ಅರ್ಥವಾಯಿತು. ಜೇಬಿನಿಂದ ಸ್ಪ್ಯಾನರ್ ತೆಗೆದು ಎರಡು ನಿಮಿಷದಲ್ಲಿ ಬಿಚ್ಚಿದ. ಸುರುಳಿ ಮೇಲೆದ್ದು ಹೊರಬಂತು.

“ಹಳೇ ಯಂತ್ರ ಏನಾಯ್ತೇ? ಇದನ್ಯಾಕೆ ಹೊಸದಾಗಿ ಮಾಡ್ತಿದ್ದೀಯ?” ಎಂದು ಆಂಟಿ ಕೇಳಿದರು. ಉತ್ತರ ತಾತನಿಂದ ಬಂತು. “ಹಳೇದು ಯಾವುದಾದ್ರೂ ಇದ್ದಿದ್ರೆ ಅದೂ ಹೀಗೇ ಚಪ್ಪಟೆ ಆಗಿರುತ್ತೆ. ಹೋಗ್ಲಿ ಬಿಡಮ್ಮ. ಇದು ಹೊಸ ಮಾಡೆಲ್ಲು. ಅಲ್ವೇನಮ್ಮ?”

ಅವಳ ಉತ್ತರವನ್ನು ಬರೆಯಬೇಕಾಗಿಲ್ಲ.

ಹೂಕುಂಡದ ಮರಳು ಹಸಿಯಾಗಿತ್ತು. ಪೈಪಿನೊಳಗೆ ಗಟ್ಟಿ ಕುಳಿತು ಹೊರಗೆ ಬರಲೊಲ್ಲದು. ತಟ್ಟಿದರು, ಕುಟ್ಟಿದರು, ಊದಿದರು. ತಾತ ಊದಿ ಊದಿ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದಾಗ ಮೆಕ್ಯಾನಿಕ್ ಅಂಗಡಿಗೆ ಓಡಿ ಗಾಳಿ ಪಂಪು ತಂದ. “ಪಕ್ಕಕ್ಕೆ ಸರೀರಿ,” ಎಂದ. ಹುಡುಗಿ ಸರಿದಳು, ತಾತ ಸರಿದರು. ಆಂಟಿ ಮಾತ್ರ ಯಾರೇ ಸರಿ ಎಂದರೂ ಇನ್ನೂ ಹತ್ತಿರ ಬಂದು ನೋಡುವ ಸ್ವಭಾವದವರು. ಡಬ್ ಎಂದು ಮರಳು ಹೊರಟಿತು. ಒಂದು ಕ್ಷಣದ ನಂತರ ಆಂಟಿ ಇದ್ದಲ್ಲಿ ಆಂಟಿಯ ಆಕಾರದ ಒಂದು ಮರಳಿನ ಗೊಂಬೆ ಕಣ್ಣು ಪಿಳುಕಿಸುತ್ತಿತ್ತು.

“ನನ್ನ ಕುಂಡದ್ದೇ ಮರಳು,” ಎಂದಿತು ಗೊಂಬೆ.

ಅವರು ಸ್ನಾನಕ್ಕೆ ಇಳಿದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಎಣ್ಣೆಯ ಖಾಲಿ ಡಬ್ಬದ ತಳದ ಬದಿಗೆ ತೂತು ಕೊರೆದು, ಸುರುಳಿ ಕೂರಿಸಿ, ಬಾಲವನ್ನು ತೂತಿನಿಂದ ಹೊರಗೆ ಬಿಟ್ಟು, ಮೆಕ್ಯಾನಿಕ್ ಬೆಸುಗೆ ಹಾಕಿಕೊಟ್ಟು ಹೋದ. ಕುಕ್ಕರಿನ ವಿಷಲ್ ತೆಗೆದು ಅಲ್ಲಿಗೆ ಕೊಳವೆ ಸಿಕ್ಕಿಸಿದರು. ಸಂದುಗಳಿಗೆಲ್ಲ ಹಿಟ್ಟು ಕಲೆಸಿ ಮೆತ್ತುವ ಉಪಾಯ ತಾತನದು. ಡಬ್ಬಕ್ಕೆ ತಣ್ಣೀರು, ಮೇಲೆ ಐಸು. ಎರಡು ಮುಕ್ಕಾಲಿಗೆ ಹುಡುಗಿ ಒಲೆ ಹಚ್ಚಿದಳು.

ಅಡುಗೆಮನೆಯಲ್ಲಿ ಎರಡು ಸ್ಟೂಲು ಹಾಕಿಕೊಂಡು ಇಬ್ಬರೂ ಪೈಪಿನ ಬಾಲವನ್ನೇ ನೋಡುತ್ತ ಕುಳಿತರು. ಅದರ ಕೆಳಗೆ ಒಂದು ಖಾಲಿ ಬಾಟ್ಲಿ ಕಾಯುತ್ತಿತ್ತು.

“ನಾನೂರಾ ಹನ್ನೊಂದು ಭಟ್ಟಿ ಹಿಡಿದಿದೀನಿ,” ಎಂದರು ತಾತ. “ಒಂದೂ ತೊಟ್ಟಿಕ್ಕಿದ್ದು ನೋಡಿಲ್ಲ. ಒಳಗೆ ಹೋದ ತಕ್ಷಣ ಮೊದಲು ಮಡಕೆಗೆ ಒದೀಬೇಕು, ಅದು ರೂಲು. ಇನ್ನೊಂದು ಕೊರಗಿದೆ ಕೇಳು. ಒದ್ದ ಮೇಲೆ ಪಂಚನಾಮೆ. ಸಿಕ್ಕಿದ ಮಾಲೆಲ್ಲ ಪಟ್ಟಿ ಮಾಡಿ ಒಂದೊಂದನ್ನೂ ತೋರಿಸಿ, ‘ಇದು ಯಾರದು’ ಅಂತ ಕೇಳ್ಬೇಕು. ಭಟ್ಟಿ ಮುಂದೇನೇ ಕೂತಿರ್ತಾನೆ, ಕೈಯಲ್ಲಿ ಸೌದೆ ಇರುತ್ತೆ, ಮೈಯೆಲ್ಲ ಅದೇ ವಾಸನೆ. ಕೇಳಿದ್ರೆ ‘ನಂದಲ್ಲ ಸಾರ್, ಹೀಗೇ ದಾರೀಲಿ ಹೋಗ್ತಿದ್ದೆ’ ಅಂತಾನೆ. ಮೂವತ್ತೆರಡು ವರ್ಷದಲ್ಲಿ ಒಬ್ಬ, ಒಬ್ಬನೇ ಒಬ್ಬ, ‘ನಂದು’ ಅನ್ಲಿಲ್ಲ. ಅಷ್ಟು ಚೆನ್ನಾಗಿ ಸುತ್ತಿರೋರು. ಕೆಲಸಗಾರ ಅಂದ್ಮೇಲೆ ಒಂದ್ಸಲ ಆದ್ರೂ ನಂದು ಅನ್ಬೇಕು ಅನ್ಸಲ್ವೇನಮ್ಮ?”

ಹುಡುಗಿ ಹೂಂ ಕೂಡ ಅನ್ನಲಿಲ್ಲ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳಂತೆ ಸ್ಟೂಲಿನ ಮೇಲೆ ಚಡಪಡಿಸಿದಳು.

ಮೂರೂಕಾಲಿಗೆ ಪೈಪಿನ ಬಾಯಲ್ಲಿ ಒಂದು ಹನಿ ಮೂಡಿತು. ಬೀಳಲೋ ಬೇಡವೋ ಎಂದು ತೂಗಾಡಿತು. ಬಿತ್ತು. ಇನ್ನೊಂದು ಬಂತು. ಆಮೇಲೆ ಟಪ್, ಟಪ್, ಟಪ್. ತಾತ ಕನ್ನಡಕ ತೆಗೆದು ಒರೆಸಿಕೊಂಡರು. ಹಬೆಗೋ ಇನ್ನೇತಕ್ಕೋ ತಿಳಿಯಲಿಲ್ಲ. ಹುಡುಗಿಗೆ ತನ್ನ ಕೈ ತನ್ನದೇ ಅನಿಸಲಿಲ್ಲ, ಅಷ್ಟು ಹಗುರವಾಗಿತ್ತು. ತಾತ ಎದ್ದುಹೋಗಿ ತಮ್ಮ ಮನೆಯಿಂದ ಹಳೆಯ ರಟ್ಟು, ಕಾಗದ, ಪೆನ್ನು ತಂದು ಬರೆಯತೊಡಗಿದರು.

“ಇದೊಂದಕ್ಕೆ ಪಂಚನಾಮೆ ಬರೀತೀನಿ. ನೆನಪಿಗೆ. ಕುಕ್ಕರು ಒಂದು. ತಾಮ್ರದ ಸುರುಳಿ, ಹತ್ತು ಸುತ್ತು, ಒಂದು…”

ಬಾಟ್ಲಿ ಕಾಲುಭಾಗ ತುಂಬಿದಾಗ ಒಲೆಯ ಉರಿ ನೀಲಿಯಿಂದ ಹಳದಿಗೆ ತಿರುಗಿ, ಒಮ್ಮೆ ಬಿಕ್ಕಿ, ಆರಿತು. ಗ್ಯಾಸು ಮುಗಿದಿತ್ತು. ಗಂಟೆ ಮೂರು ಐವತ್ತು. ಕೆಳಗೆ ಗೇಟು ಕಿರ್ರೆಂದಿತು.

ಹೆಡ್ ಮೇಡಂ ನೆಟ್ಟಗೆ, ಸ್ಕೇಲಿನ ಹಾಗೆ ಬಂದರು. ಹಿಂದೆಯೇ ಒದ್ದೆ ತಲೆಯ ಆಂಟಿ, ಕೈಯಲ್ಲಿ ಹೋದ ತಿಂಗಳ ಜೇನುತುಪ್ಪದ ಬಾಟ್ಲಿ. ಮೇಡಂ ಡಬ್ಬದೊಳಗೆ ಇಣುಕಿ ಸುರುಳಿಯ ಮೇಲೆ ಬೆರಳಾಡಿಸಿದರು.

“ಚೆನ್ನಾಗಿದೆ. ಎಲ್ಲೂ ಮುರಿದಿಲ್ಲ. ನಡೆಸಿ ತೋರಿಸು.”

ಹುಡುಗಿ ಸಿಲಿಂಡರ್ ತೋರಿಸಿ ತಲೆ ತಗ್ಗಿಸಿದಳು.

“ಗ್ಯಾಸ್ ಖಾಲಿಯಾಗಿದೆ ಮೇಡಂ, ಅವಳ ತಪ್ಪಲ್ಲ,” ಎಂದು ಆಂಟಿ ಮುಂದೆ ಬಂದರು. “ಇವಳ ಕೈಗುಣ ಇಲ್ಲಿದೆ ನೋಡಿ.” ಜೇನುತುಪ್ಪದ ಬಾಟ್ಲಿಯ ಮುಚ್ಚಳ ತೆಗೆದರು. ತಿಂಗಳಾದರೂ ಅಂಗಡಿಯ ಘಮ ಅಡುಗೆಮನೆ ತುಂಬಿತು.

ಮೇಡಂ ಮೊದಲ ಸಲ ನಕ್ಕರು. “ವಾಹ್. ಇದು ಕೆಲಸ.” ಆಮೇಲೆ, ಒಲೆ ಆರಿದ ಮೇಲೆ ಪೈಪಿನ ಕೆಳಗಿಂದ ಪಕ್ಕಕ್ಕೆ ಸರಿಸಿಟ್ಟಿದ್ದ ಬಾಟ್ಲಿಯನ್ನು ಎತ್ತಿ ಮೂಸಿದರು. ಹೊಸದಾಗಿ ಇಳಿದ ಪನ್ನೀರಿನಲ್ಲಿ ಗುಲಾಬಿ ದೂರದಲ್ಲೆಲ್ಲೋ ಇತ್ತು. ಹತ್ತಿರದಲ್ಲಿ ಬೇಯಿಸಿದ ಎಲೆಯ, ಸ್ವಲ್ಪ ಕುಕ್ಕರಿನ, ಸ್ವಲ್ಪ ಹಿಟ್ಟಿನ ವಾಸನೆ. ಮೇಡಂ ಮೂಗು ಸುಕ್ಕಾಯಿತು. “ಇದೇನು ಹೀಗಿದೆ?”

ಆಂಟಿಯೂ ಬಗ್ಗಿ ಮೂಸಿದರು. ಕೈಗೆ ಬಂದ ಕೆಲಸ ಬಾಯಿಗೆ ಬರುವಷ್ಟರಲ್ಲಿ ಜಾರುತ್ತಿದೆಯೆಂದು ಅವರಿಗೆ ಕಂಡಿತು. ಹುಡುಗಿಯ ಮೇಲಿನ ಪ್ರೀತಿ ಅವರ ನಾಲಿಗೆಗಿಂತ ಒಂದು ಹೆಜ್ಜೆ ಮುಂದೆ ಓಡಿತು.

“ಅಯ್ಯೋ, ಅದಾ? ಅದು ಅಂಗಡೀದು ಮೇಡಂ. ಹೋಲಿಸಿ ನೋಡಕ್ಕೆ ಅಂತ ತಂದಿಟ್ಟಿದ್ದಾಳೆ. ಅಲ್ವೇನೇ?”

ಎಲ್ಲರೂ ಅವಳ ಕಡೆ ನೋಡಿದರು. ಹೂಂ ಗಂಟಲಿಗೆ ಬಂತು. ಅಲ್ಲೇ ನಿಂತಿತು. ಅವಳು ಅದನ್ನು ಹೊರಗೂ ಬಿಡಲಿಲ್ಲ, ಒಳಗೂ ನುಂಗಲಿಲ್ಲ. ಆದರೆ ಅವಳ ಮೌನವನ್ನೂ ಹೂಂ ಎಂದೇ ಓದಿ ಆ ಕಟ್ಟಡಕ್ಕೆ ಅಭ್ಯಾಸವಾಗಿತ್ತು.

“ಅಂಗಡಿಯವರದು ಇಷ್ಟೇ ಹಣೆಬರಹ,” ಎಂದರು ಮೇಡಂ. “ಸೋಮವಾರ ಒಂಬತ್ತಕ್ಕೆ ಬಾರಮ್ಮ. ಆರ್ಡರ್ ಕೊಡ್ತೀನಿ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನನಗೆ ಬೇಕಾಗಿದ್ದು ಇದೇ.”

ಮುಗಿಯಿತು. ಕೆಲಸ ಸಿಕ್ಕಿತ್ತು. ಒಂದು ಮಾತೂ ಆಡದೆ ಸಿಕ್ಕಿತ್ತು. ಸಂಜೆ ಅಮ್ಮ ಬಂದರೆ ಹೇಳಲು ಸುದ್ದಿಯಿತ್ತು. ಆಂಟಿ ಅವಳ ಬೆನ್ನು ಸವರಿ, “ಈ ದರಿದ್ರ ಯಾಕಿನ್ನು, ಚೆಲ್ಲಿಬಿಡ್ತೀನಿ,” ಎಂದು ಕಾಲುಭಾಗ ತುಂಬಿದ ಬಾಟ್ಲಿಯನ್ನು ಸಿಂಕಿನ ಕಡೆಗೆ ಒಯ್ದರು.

“ನಿಲ್ಲಿ.”

ಅಬ್ಕಾರಿ ತಾತ ಸ್ಟೂಲಿನಿಂದ ಎದ್ದಿದ್ದರು. ರಟ್ಟು ಎದೆಗೆ ಒತ್ತಿತ್ತು. ಜೀವಮಾನದಲ್ಲಿ ಒದೆಯದೆ ಬಿಟ್ಟ ಒಂದೇ ಒಂದು ಭಟ್ಟಿಯ ಮಾಲು ಸಿಂಕಿಗೆ ಬೀಳುವುದನ್ನು ಅವರು ನೋಡಲಾರದೆ ಹೋಗಿದ್ದರು. ಮೂವತ್ತೆರಡು ವರ್ಷದ ಸರ್ಕಾರಿ ದನಿ ತಾನಾಗಿ ಹೊರಬಂತು.

“ಪಂಚನಾಮೆ ಮುಗಿದಿಲ್ಲ. ಬಾಟ್ಲಿ ಎರಡಿದೆ. ಬರ್ಕೋಬೇಕು.” ಪೆನ್ನಿನ ತುದಿಯಿಂದ ಆಂಟಿಯ ಕೈಯಲ್ಲಿದ್ದದ್ದನ್ನು ತೋರಿಸಿ, ಹುಡುಗಿಯ ಮುಖ ನೋಡಿದರು. “ಇದು ಯಾರದು?”

ಪೈಪಿನ ಬಾಯಲ್ಲಿ ಉಳಿದಿದ್ದ ಕೊನೆಯ ಹನಿ ನೆಲಕ್ಕೆ ಬಿದ್ದು ಸದ್ದು ಮಾಡಿತು. ಹುಡುಗಿ ಸುರುಳಿಯನ್ನು ನೋಡಿದಳು, ಸೋಮವಾರ ಒಂಬತ್ತು ಗಂಟೆಯನ್ನು ನೋಡಿದಳು, ಆಂಟಿಯ ಕೈಯಿಂದ ಬಾಟ್ಲಿ ತೆಗೆದುಕೊಂಡಳು.

“ಬರ್ಕೊಳ್ಳಿ ತಾತ,” ಎಂದಳು. ಅವಳ ದನಿ ಹೇಗಿದೆಯೆಂದು ಅಲ್ಲಿದ್ದವರೆಲ್ಲ ಮೊದಲ ಸಲ ಕೇಳಿದರು. “ಇದು ನಂದು. ಅಂಗಡೀದು ಅದು.”